ಕುಡಿಯದ ಭಾವನ ಜೊತೆ ಬರ್ಬನ್ ಸೀಮೆಗೆ

ನಮ್ಮ ಭಾವ ಕುಡಿಯುವುದಿಲ್ಲ. ಬಿಯರೂ ಇಲ್ಲ. ಕೇಕಿಗೆ ಮೊಟ್ಟೆ ಹಾಕಿದ್ದಾರಾ ಅಂತ ಎರಡು ಸಲ ಕೇಳುವ ಶಿರಸಿ ಕಡೆಯ ಮನುಷ್ಯ, ಈಗ ಅಕ್ಕನ ಜೊತೆ ಒಹಾಯೊದ ಕೊಲಂಬಸ್ಸಿನಲ್ಲಿದ್ದಾರೆ. ಹೋದ ಅಕ್ಟೋಬರಿನಲ್ಲಿ ನಾನು ಬೆಂಗಳೂರಿನಿಂದ ಅವರ ಮನೆಗೆ ಹೋದಾಗ, ಕೆಂಟಕಿ ಇಲ್ಲೇ ಮೂರು ಗಂಟೆ ದಾರಿ ಅಂತ ಗೊತ್ತಾಗಿ, ಬರ್ಬನ್ ಅನ್ನುವ ಅಮೆರಿಕದ ವಿಸ್ಕಿ ಮಾಡುವ ಊರು ನೋಡಬೇಕು ಅಂತ ಹಟ ಹಿಡಿದೆ. "ನೀನು ಕುಡಿ, ನಾನು ಕಾರು ಬಿಡ್ತೇನೆ. ಆದ್ರೆ ಏಳು ಗಂಟೆಗೆ ಊಟ ಆಗ್ಬೇಕು" ಅಂದರು. ಅಕ್ಕ ಇಪ್ಪತ್ತು ಚಪಾತಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಆ ಚಪಾತಿ ನಮ್ಮನ್ನು ಎಷ್ಟು ಕಾಪಾಡಿತು ಅನ್ನೋದು ಮುಂದೆ ಬರುತ್ತದೆ.

ಮೊದಲ ದಿನ: ಲೂವಲ್

ಐ-71 ಹೆದ್ದಾರಿಯ ಬಗ್ಗೆ ಹೇಳೋಕೆ ಏನೂ ಇಲ್ಲ. ನೇರ, ಅಗಲ, ಬೇಜಾರು. ಸಿನ್ಸಿನಾಟಿಯಲ್ಲಿ ಒಹಾಯೊ ನದಿ ದಾಟಿದ ಮೇಲೆ ಗುಡ್ಡಗಳು ಶುರುವಾದವು, ಎಲೆ ಕೆಂಪಾಗಿತ್ತು, ಕಟಾವು ಮುಗಿದ ಹೊಲಗಳಲ್ಲಿ ಗೋವಿನಜೋಳದ ಒಣ ಕೂಳೆ ನಿಂತಿತ್ತು. ಬರ್ಬನ್ನಿನ ಕಥೆ ಶುರುವಾಗುವುದೇ ಅಲ್ಲಿಂದ. ಬಳಸುವ ಧಾನ್ಯದಲ್ಲಿ ಕನಿಷ್ಠ 51 ಶೇಕಡಾ ಗೋವಿನಜೋಳ ಇರಲೇಬೇಕು, ಹೊಸ ಓಕ್ ಮರದ, ಒಳಗೆ ಸುಟ್ಟ ಪೀಪಾಯಿಯಲ್ಲೇ ಇಡಬೇಕು, ನೀರು ಬಿಟ್ಟು ಬೇರೆ ಏನೂ ಸೇರಿಸುವಂತಿಲ್ಲ. ಅಮೆರಿಕದಲ್ಲಿ ಎಲ್ಲಿ ಮಾಡಿದರೂ ಬರ್ಬನ್ನೇ, ಕೆಂಟಕಿಯಲ್ಲೇ ಆಗಬೇಕು ಅಂತ ಕಾನೂನಿಲ್ಲ. ಇದನ್ನು ಕೆಂಟಕಿಯವರ ಮುಂದೆ ಜೋರಾಗಿ ಹೇಳಬೇಡಿ ಅಷ್ಟೆ.

ಊರಿನ ಹೆಸರನ್ನು ನಾನು ಓದಿದ ಹಾಗೆ "ಲೂಯಿಸ್‌ವಿಲ್" ಅಂದೆ. ಹೋಟೆಲ್ಲಿನ ಕೌಂಟರಿನಲ್ಲಿದ್ದ ಹುಡುಗಿ ನಕ್ಕು, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ "ಲೂವಲ್" ಅಂತ ತಿದ್ದಿದಳು. ಸಂಜೆ ಮೇನ್ ಸ್ಟ್ರೀಟಿನಲ್ಲಿ ನಡೆದೆವು. ವಿಸ್ಕಿ ರೋ ಅನ್ನುವ ಹಳೆಯ ಸಾಲು ಅಲ್ಲಿದೆ, ಎರಕದ ಕಬ್ಬಿಣದ ಮುಖವಿರುವ ಕಟ್ಟಡಗಳು. ಚಳಿ ಹಿತವಾಗಿತ್ತು, ನದಿಯ ಗಾಳಿ ಮಾತ್ರ ಕಿವಿಗೆ ಹೊಡೆಯುತ್ತಿತ್ತು.

ಬಾರಿಗೆ ಹೋಗಿ ಮೊದಲಿಗೆ ಓಲ್ಡ್ ಫ್ಯಾಷನ್ಡ್ ಅನ್ನುವ ಕಾಕ್‌ಟೇಲ್ ಕೇಳಿದೆ. ಬಾರ್‌ಟೆಂಡರ್ ಸುಮಾರು ಅರವತ್ತರ ಹೆಂಗಸು, ಕೈ ಮಾತ್ರ ಹದಿನೆಂಟರದ್ದು. ಒಂದು ಸಕ್ಕರೆ ತುಂಡಿನ ಮೇಲೆ ಮೂರು ಹನಿ ಬಿಟರ್ಸ್ (ಬೇರು, ತೊಗಟೆಗಳ ಕಹಿ ಸಾರ), ಚೂರು ನೀರು, ಅದು ಕರಗಿದ ಮೇಲೆ ಬರ್ಬನ್, ಒಂದೇ ಒಂದು ದಪ್ಪ ಐಸ್ ಗಡ್ಡೆ. ಕೊನೆಗೆ ಕಿತ್ತಳೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಂಡಿದಳು, ಎಣ್ಣೆ ಸಿಡಿದದ್ದು ದೀಪದ ಬೆಳಕಿನಲ್ಲಿ ಕಂಡಿತು. ಸೋಡಾ ಇಲ್ಲ, ಜಜ್ಜಿದ ಚೆರ್ರಿ ಇಲ್ಲ. ನಮ್ಮೂರಿನ ಬಾರುಗಳಲ್ಲಿ ನನಗೆ ಇದೇ ಹೆಸರಿನಲ್ಲಿ ಪಾನಕ ಸಿಕ್ಕಿದ್ದೇ ಜಾಸ್ತಿ, ಹಾಗಾಗಿ ಮೊದಲ ಗುಟುಕಿಗೆ ಸುಮ್ಮನಾಗಿಬಿಟ್ಟೆ. ಈ ಪಾನೀಯ ಹುಟ್ಟಿದ್ದು ಇಲ್ಲಿನ ಪೆಂಡೆನಿಸ್ ಕ್ಲಬ್ಬಿನಲ್ಲಿ ಅಂತ ಆಕೆ ಹೆಮ್ಮೆಯಿಂದ ಹೇಳಿದಳು. ನಾನು ತಲೆ ಆಡಿಸಿದೆ. ಮದ್ಯ, ಸಕ್ಕರೆ, ನೀರು, ಬಿಟರ್ಸ್ ಸೇರಿದರೆ ಕಾಕ್‌ಟೇಲ್ ಅಂತ 1806ರಲ್ಲೇ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆ ಬರೆದಿದೆ. ಆಮೇಲೆ ಬಂದವರು ಅದಕ್ಕೆ ಏನೇನೋ ಸೇರಿಸಿದಾಗ, ಬೇಸತ್ತ ಗಿರಾಕಿಗಳು "ಹಳೇ ತರದ್ದೇ ಕೊಡಪ್ಪ" ಅಂದದ್ದೇ ಹೆಸರಾಯಿತು. ಆದರೆ ಗ್ಲಾಸು ಕೊಟ್ಟವಳ ಜೊತೆ ಯಾರು ವಾದ ಮಾಡ್ತಾರೆ?

ಹುಟ್ಟಿನ ಕಥೆ ಕಟ್ಟುವುದರಲ್ಲಿ ಈ ಊರು ಗಟ್ಟಿ. 1905ರ ಸೀಲ್‌ಬಾಕ್ ಅನ್ನುವ ಹೋಟೆಲಿದೆ, ಅದರ ಹೆಸರಿನದೇ ಕಾಕ್‌ಟೇಲ್ ಇದೆ: ಬರ್ಬನ್, ಕ್ವಾಂತ್ರೋ ಅನ್ನುವ ಕಿತ್ತಳೆ ಮದ್ಯ, ಎರಡು ತರದ ಬಿಟರ್ಸ್ ಏಳೇಳು ಹನಿ, ಮೇಲೆ ಶಾಂಪೇನ್. ಮದ್ಯನಿಷೇಧಕ್ಕಿಂತ ಹಿಂದಿನ, ಕಳೆದುಹೋಗಿ ಮತ್ತೆ ಸಿಕ್ಕ ಪಾಕ ಅಂತ ಪುಸ್ತಕಗಳೆಲ್ಲ ಬರೆದವು. 2016ರಲ್ಲಿ ಆ್ಯಡಮ್ ಸೀಗರ್ ಅನ್ನುವವರು, ಅದನ್ನು 1995ರಲ್ಲಿ ಅಲ್ಲಿ ಕೆಲಸ ಮಾಡುವಾಗ ತಾನೇ ಕಟ್ಟಿದ್ದು, ಕಥೆಯೂ ನಂದೇ ಅಂತ ಒಪ್ಪಿಕೊಂಡರು. ಭಾವನಿಗೆ ಇದು ಬಹಳ ಹಿಡಿಸಿತು. "ಸ್ಥಳಪುರಾಣ ಅಂದ್ರೆ ಇದೇ ಅಲ್ವಾ ಮಾರಾಯಾ" ಅಂದರು. ನಾನು ಒಂದು ಕುಡಿದೆ. ಸುಳ್ಳಿರಬಹುದು, ಚೆನ್ನಾಗಿದೆ.

ಊಟ ಎಡವಟ್ಟಾಯಿತು. ಈ ಊರಿನ ಹೆಸರಾಂತ ತಿಂಡಿ ಹಾಟ್ ಬ್ರೌನ್, ಬ್ರೌನ್ ಹೋಟೆಲಿನಲ್ಲಿ 1926ರಲ್ಲಿ ಹುಟ್ಟಿದ್ದು, ಟರ್ಕಿ ಕೋಳಿ ಮತ್ತು ಬೇಕನ್ ಅದರ ಜೀವ. ಭಾವನಿಗೆ ಆಗದು ಅಂತ ಬೇರೆ ಒಂದು ಜಾಗದಲ್ಲಿ ಬೀನ್ಸ್ ಪಲ್ಯ, ಜೋಳದ ಪುಡ್ಡಿಂಗ್ ಹೇಳಿದೆವು. ಬೀನ್ಸ್ ಬಾಯಿಗಿಡುವ ಮೊದಲೇ ಭಾವ ತಟ್ಟೆ ಮೂಸಿ ಕೆಳಗಿಟ್ಟರು. ಕೇಳಿದರೆ ಹೌದು, ಇಲ್ಲಿ ಬೀನ್ಸ್ ಬೇಯಿಸುವಾಗ ಹಂದಿಯ ತುಂಡೊಂದು ಹಾಕುವುದು ರೂಢಿ. ತರಕಾರಿ ಅಂದ ಮಾತ್ರಕ್ಕೆ ನಂಬಬಾರದು, ಕೇಳಲೇಬೇಕು. ವಿಸ್ಕಿ ಸೋರ್‌ಗೂ ಎಷ್ಟೋ ಕಡೆ ಮೊಟ್ಟೆಯ ಬಿಳಿ ಹಾಕುತ್ತಾರೆ. ರೂಮಿಗೆ ಬಂದು ಚಪಾತಿ, ಚಟ್ನಿಪುಡಿ, ಮೊಸರು. ಗಂಟೆ ಎಂಟೂವರೆ. ಒಪ್ಪಂದ ಮೊದಲ ದಿನವೇ ಮುರಿಯಿತು.

ಆದರೆ ನಾನು ಗಮನಿಸಬೇಕಾಗಿದ್ದು ಆ ಮೂಗನ್ನು. ಆಗ ಹೊಳೆಯಲಿಲ್ಲ.

ಎರಡನೇ ದಿನ: ಫ್ರಾಂಕ್‌ಫರ್ಟ್, ವರ್ಸೇಲ್ಸ್

ಬೆಳಿಗ್ಗೆ ಮಂಜು. ಒಂದು ಗಂಟೆ ಪೂರ್ವಕ್ಕೆ ಹೋದರೆ ಫ್ರಾಂಕ್‌ಫರ್ಟ್, ಕೆಂಟಕಿಯ ರಾಜಧಾನಿ, ನೋಡಿದರೆ ನಮ್ಮ ತಾಲ್ಲೂಕು ಕೇಂದ್ರದಷ್ಟೇ ದೊಡ್ಡದು. ನದಿ ದಂಡೆಯಲ್ಲಿ ಬಫಲೋ ಟ್ರೇಸ್ ಅನ್ನುವ ಡಿಸ್ಟಿಲರಿ, ಅಂದರೆ ವಿಸ್ಕಿ ಭಟ್ಟಿ ಇಳಿಸುವ ಕಾರ್ಖಾನೆ. ಇಲ್ಲಿ ಟೂರ್ ಉಚಿತ, ಹಾಗಾಗಿಯೇ ವಾರಗಳ ಮೊದಲು ಹೆಸರು ಹಚ್ಚದಿದ್ದರೆ ಜಾಗ ಸಿಗಲ್ಲ. ನಾನು ಬೆಂಗಳೂರಿನಲ್ಲೇ ಕೂತು ಮಾಡಿಕೊಂಡಿದ್ದೆ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ, 21 ದಾಟಿದೆ ಅಂತ ತೋರಿಸಬೇಕು, ನಿಮ್ಮ ತಲೆ ಎಷ್ಟೇ ನರೆತಿರಲಿ.

ಕಾರಿನ ಬಾಗಿಲು ತೆರೆದ ಕೂಡಲೇ ಭಾವ ನಿಂತುಬಿಟ್ಟರು. "ಆಲೆಮನೆ" ಅಂದರು.

ನಿಜ. ಮಂಜಿನಲ್ಲಿ ಕುದಿಯುವ ಧಾನ್ಯದ ಬಿಸಿ, ಸಿಹಿ, ಸ್ವಲ್ಪ ಹುಳಿ ವಾಸನೆ ಕೆಳಗೇ ಕೂತಿತ್ತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಜೋನಿಬೆಲ್ಲ ಆಗುವ ಮುಂಚಿನ ಹಂತ ಗೊತ್ತಿದ್ದವರಿಗೆ ಅರ್ಥವಾಗುತ್ತದೆ. ಆಮೇಲೆ ಗೋದಾಮಿನೊಳಗೆ ಹೋದಾಗ ವಾಸನೆಯೇ ಬೇರೆ. ಇಟ್ಟಿಗೆ ಗೋಡೆ, ಸಣ್ಣ ಕಿಟಕಿ, ಕತ್ತಲು, ಮರದ ಅಟ್ಟಗಳ ಮೇಲೆ ಮಲಗಿದ ಪೀಪಾಯಿಗಳು. ಒಂದೊಂದರಲ್ಲಿ ಸುಮಾರು 200 ಲೀಟರ್. ಕೆಂಟಕಿಯಲ್ಲಿ ಜನಕ್ಕಿಂತ ಪೀಪಾಯಿ ಜಾಸ್ತಿ ಅಂತ ಗೈಡ್ ನಗಿಸಿದ, ಅದು ಬರೀ ನಗೆಮಾತಲ್ಲ. ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹೊರಗೆ ಬರುತ್ತದೆ, ಬರುವಾಗ ಬಣ್ಣವನ್ನೂ ರುಚಿಯನ್ನೂ ಎಳೆದುಕೊಂಡು ಬರುತ್ತದೆ. ಭಟ್ಟಿಯಿಂದ ಇಳಿದಾಗ ಅದು ನೀರಿನ ಹಾಗೆ ಬಿಳಿ. ಅಷ್ಟೂ ಬಣ್ಣ ಸುಟ್ಟ ಮರದ್ದು.

ರುಚಿ ನೋಡುವ ಕೋಣೆಯಲ್ಲಿ ನಾನು ಮರ್ಯಾದೆ ಕಳೆದುಕೊಂಡೆ. ಎಲ್ಲ ಗೊತ್ತಿರುವವನ ಹಾಗೆ ಗ್ಲಾಸಿನೊಳಗೆ ಮೂಗು ತುರುಕಿ ಜೋರಾಗಿ ಎಳೆದೆ. ಕಣ್ಣಲ್ಲಿ ನೀರು, ಕೆಮ್ಮು, ಪಕ್ಕದ ಟೆಕ್ಸಸ್ಸಿನ ದಂಪತಿ ಬೆನ್ನು ತಟ್ಟಿದರು. ಗೈಡ್ ಆಮೇಲೆ ಎಲ್ಲರಿಗೂ ಹೇಳಿಕೊಟ್ಟ, ಅಂದರೆ ನನಗೆ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿಯಬೇಕು, ಬಾಯಿ ಸ್ವಲ್ಪ ತೆರೆದಿರಬೇಕು, ಮೆಲ್ಲಗೆ ಉಸಿರು ತೆಗೆದುಕೊಳ್ಳಬೇಕು. ಮೊದಲ ಗುಟುಕಿಗೆ ತೀರ್ಪು ಕೊಡಬಾರದು, ಅದು ನಾಲಿಗೆ ಎಬ್ಬಿಸೋಕೆ. ಎರಡನೆಯದನ್ನು ಬಾಯಲ್ಲಿ ಹೊರಳಿಸಿ ಅಗಿಯಬೇಕು, ಕೆಂಟಕಿ ಚ್ಯೂ ಅಂತ ಅದರ ಹೆಸರು. ನುಂಗಿದ ಮೇಲೆ ಎದೆಯಲ್ಲಿ ಇಳಿಯುವ ಬಿಸಿಗೆ ಕೆಂಟಕಿ ಹಗ್ ಅನ್ನುತ್ತಾರೆ. ಖಾರ ಜಾಸ್ತಿ ಅನಿಸಿದರೆ ಎರಡು ಹನಿ ನೀರು ಹಾಕಿ, ನಾಚಿಕೆ ಬೇಡ. ನೀರು ಬಿದ್ದ ಮೇಲೆಯೇ ನನಗೆ ಹಣ್ಣಿನ ವಾಸನೆ ಸಿಕ್ಕಿದ್ದು.

"ಏನು ಸಿಗ್ತಾ ಇದೆ?" ಅಂತ ಗೈಡ್ ಕೇಳಿದ. ಕ್ಯಾರಮೆಲ್, ಜೇನು ಅಂತ ಜನ ಓದಿದ್ದನ್ನು ಒಪ್ಪಿಸಿದರು. ನಾನೂ ಒಪ್ಪಿಸಿದೆ. ಭಾವ ನನ್ನ ಗ್ಲಾಸು ಎತ್ತಿಕೊಂಡು ಬರೀ ಮೂಸಿದರು. ಸುಮಾರು ಹೊತ್ತು. "ವೆನಿಲಾ. ಬಿಸಿಲಿಗೆ ಇಟ್ಟು, ಕಂಬಳಿ ಸುತ್ತಿ, ಬೆವರಿಸಿ ಹದ ಮಾಡಿದ್ದು. ಐಸ್‌ಕ್ರೀಮಿಂದಲ್ಲ" ಅಂದರು. ಗೈಡ್ ಬಂದು ಅವರ ಎದುರು ನಿಂತ. ನಿಮಗೆ ಹೇಗೆ ಗೊತ್ತು ಅಂತ.

ನಮ್ಮ ಮಲೆನಾಡಿನವರಿಗೆ ಗೊತ್ತಿರುವ ಕಥೆ. 2003ರ ಹೊತ್ತಿಗೆ ವೆನಿಲಾಕ್ಕೆ ಕಿಲೋಗೆ ಸಾವಿರಾರು ರೂಪಾಯಿ. ಅಡಿಕೆ ತೋಟದ ತುಂಬ ಬಳ್ಳಿ ಹಬ್ಬಿಸಿದವರು ಎಷ್ಟು ಜನ! ಭಾವನ ಅಪ್ಪಯ್ಯನೂ ಹಬ್ಬಿಸಿದರು. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ನಮ್ಮಲ್ಲಿ ಅದಕ್ಕೆ ಪರಾಗಸ್ಪರ್ಶ ಮಾಡುವ ಹುಳ ಇಲ್ಲ, ಒಂದೊಂದು ಹೂವನ್ನೂ ಕಡ್ಡಿಯಲ್ಲಿ ಕೈಯಿಂದಲೇ ಮಾಡಬೇಕು. ಕಾಲೇಜಿಗೆ ಹೋಗುವ ಮುಂಚೆ ಭಾವನ ಕೆಲಸ ಅದು. ಕೋಡು ಮಾರುವ ಹೊತ್ತಿಗೆ ದರ ಪಾತಾಳಕ್ಕೆ ಬಿತ್ತು, ಕೇಳುವವರಿಲ್ಲ. ಅಪ್ಪಯ್ಯ ಹಟಕ್ಕೆ ಅಷ್ಟನ್ನೂ ಮನೆಯಲ್ಲೇ ಹದ ಮಾಡಿ ಪೆಟ್ಟಿಗೆಯಲ್ಲಿಟ್ಟರು. ಎರಡು ವರ್ಷ ಮನೆಯೆಲ್ಲ ಅದೇ ವಾಸನೆಯಂತೆ.

ಗೈಡ್ ಕೇಳುತ್ತ ನಿಂತಿದ್ದ. ಆಮೇಲೆ ಹೇಳಿದ, ಈ ಗ್ಲಾಸಿನಲ್ಲಿ ವೆನಿಲಾ ಯಾರೂ ಹಾಕಿಲ್ಲ, ಓಕ್ ಮರದಲ್ಲಿರುವ ಲಿಗ್ನಿನ್ ಅನ್ನುವ ಅಂಶ ಬೆಂಕಿಗೆ ಒಡೆದಾಗ ವೆನಿಲಿನ್ ಆಗುತ್ತದೆ, ಅದೇ ವಸ್ತು. ಭಾವ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಅಂದು, ನನಗೆ ಕನ್ನಡದಲ್ಲಿ, "ಹಾಗಾದ್ರೆ ಒಂದು ಕಟ್ಟಿಗೆ ಸುಟ್ಟಿದ್ರೆ ಸಾಕಿತ್ತು" ಅಂದರು.

ಅವರಿಗೆ ಕೊಟ್ಟದ್ದು ರೂಟ್ ಬಿಯರ್, ಮದ್ಯ ಇಲ್ಲದ್ದು. ನಮಗೆ ಅದಕ್ಕೇ ಬರ್ಬನ್ ಕ್ರೀಮ್ ಹಾಕಿ ಕೊಟ್ಟರು, ಮಕ್ಕಳ ಐಸ್‌ಕ್ರೀಮ್ ಸೋಡಾ ದೊಡ್ಡವರಾದ ಹಾಗೆ. ಊರಿನ ಅಂಗಡಿಯಲ್ಲಿ ಬರ್ಬನ್ ತುಂಬಿದ ಚಾಕೊಲೆಟ್ ಉಂಡೆಗಳನ್ನು ಕೊಂಡೆ, ಫ್ರಾಂಕ್‌ಫರ್ಟಿನ ವಿಶೇಷ ಅದು. ಅಕ್ಕನಿಗೆ ಅಂತ ಕೊಂಡದ್ದು, ಮೂರನೇ ದಿನಕ್ಕೆ ಡಬ್ಬಿ ಖಾಲಿ.

ಮಧ್ಯಾಹ್ನ ಓಲ್ಡ್ ಫ್ರಾಂಕ್‌ಫರ್ಟ್ ಪೈಕ್ ಅನ್ನುವ ಸಣ್ಣ ರಸ್ತೆ ಹಿಡಿದೆವು. ಹೆದ್ದಾರಿ ಬಿಟ್ಟು ಇದರಲ್ಲೇ ಹೋಗಿ. ಎರಡೂ ಕಡೆ ಕಲ್ಲಿನ ಪಾಗಾರ, ಗಾರೆ ಇಲ್ಲದೆ ಪೇರಿಸಿದ್ದು, ಅದರಾಚೆ ಕುದುರೆಗಳು ಮೇಯುತ್ತಿದ್ದವು. ಮೈ ತೊಳೆದು ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ರೇಸ್ ಕುದುರೆಗಳು. ಕೆಳಗೆಲ್ಲ ಸುಣ್ಣದ ಕಲ್ಲು. ಆ ಕಲ್ಲಿನ ಮೂಲಕ ಬರುವ ನೀರಿನಲ್ಲಿ ಕಬ್ಬಿಣ ಇರುವುದಿಲ್ಲ, ಕಬ್ಬಿಣ ಇದ್ದರೆ ವಿಸ್ಕಿ ಕಪ್ಪಾಗಿ ಕೆಡುತ್ತದೆ. ಅದೇ ನೀರಿನ ಕ್ಯಾಲ್ಸಿಯಂ ಕುದುರೆಯ ಎಲುಬಿಗೂ ಒಳ್ಳೆಯದು ಅಂತ ಇಲ್ಲಿನವರು ಹೇಳುತ್ತಾರೆ.

ವರ್ಸೇಲ್ಸ್ ಊರಿನ ಹತ್ತಿರ ವುಡ್‌ಫರ್ಡ್ ರಿಸರ್ವ್ ಡಿಸ್ಟಿಲರಿ. ಊರಿನ ಹೆಸರು ಫ್ರಾನ್ಸಿನ ವರ್ಸಾಯ್ ಅರಮನೆಯದ್ದೇ, ಇವರ ಬಾಯಲ್ಲಿ ವರ್ಸೇಲ್ಸ್. ಕಣಿವೆಯಲ್ಲಿ ಕಲ್ಲಿನ ಕಟ್ಟಡಗಳು, ತಾಮ್ರದ ಎತ್ತರದ ಭಟ್ಟಿಗಳು. 1830ರ ದಶಕದಲ್ಲಿ ಈ ಜಾಗದಲ್ಲಿ ಜೇಮ್ಸ್ ಕ್ರೋ ಅನ್ನುವ ಸ್ಕಾಟ್ಲೆಂಡಿನ ಮನುಷ್ಯ ಹುಳಿ ಮ್ಯಾಶ್ ಪದ್ಧತಿಯನ್ನು ಅಳತೆಗೆ ತಂದ. ಮ್ಯಾಶ್ ಅಂದರೆ ಬೇಯಿಸಿದ ಧಾನ್ಯದ ಗಂಜಿ, ಹಿಂದಿನ ಭಟ್ಟಿಯಲ್ಲಿ ಉಳಿದ ಹುಳಿ ಗಂಜಿಯನ್ನು ಹೊಸದಕ್ಕೆ ಸ್ವಲ್ಪ ಸೇರಿಸುವುದು. ನಾನು ಹೆಪ್ಪು ಹಾಕಿದ ಹಾಗೆ ಅಂದೆ. ಪೂರ್ತಿ ಹಾಗಲ್ಲ, ಯೀಸ್ಟ್ ಬೇರೆಯೇ ಹಾಕುತ್ತಾರೆ, ಈ ಹುಳಿ ಬೇಡದ ಕ್ರಿಮಿಗಳನ್ನು ದೂರ ಇಡುತ್ತದೆ. ಆದರೆ ನಿನ್ನೆಯದನ್ನು ಇಂದಿಗೆ ದಾಟಿಸುವ ಬುದ್ಧಿ ಅದೇ. ಹೊರಗೆ ಪೀಪಾಯಿ ಉರುಳಿಸುವ ಕಬ್ಬಿಣದ ಹಳಿ ಇದೆ, ಇಳಿಜಾರಿನಲ್ಲಿ ತಾವೇ ಉರುಳಿ ಗೋದಾಮಿಗೆ ಹೋಗುತ್ತವೆ.

ವಾಪಸು ಬರುವಾಗ ಫೋನಿಗೆ ಸಿಗ್ನಲ್ ಇಲ್ಲ, ಮಳೆ ಬೇರೆ. ಯಾರದೋ ತೋಟದ ಗೇಟಿನವರೆಗೆ ಹೋಗಿ ನಿಂತೆವು. ಟ್ರ್ಯಾಕ್ಟರಿನಲ್ಲಿ ಬಂದ ಅಜ್ಜ ಏನೂ ಕೇಳದೆ ಕೈ ಸನ್ನೆ ಮಾಡಿ, ಮುಂದೆ ಮುಂದೆ ಹೋಗಿ ದೊಡ್ಡ ರಸ್ತೆವರೆಗೆ ಬಿಟ್ಟು ಹೋದ. ಮ್ಯಾಪನ್ನು ಬೆಳಿಗ್ಗೆಯೇ ಇಳಿಸಿಟ್ಟುಕೊಂಡಿದ್ದರೆ ಅಜ್ಜ ನೆನೆಯುತ್ತಿರಲಿಲ್ಲ.

ಮೂರನೇ ದಿನ: ಬಾರ್ಡ್ಸ್‌ಟೌನ್, ಲೊರೆಟೊ

ಬಾರ್ಡ್ಸ್‌ಟೌನಿಗೆ ರಾತ್ರಿಯೇ ಬಂದಿದ್ದೆವು. ಬೆಳಗಾದ ಮೇಲೆ ಊರು ನೋಡಿದರೆ ಗೋದಾಮುಗಳ ಹತ್ತಿರದ ಮರಗಳ ಕಾಂಡವೆಲ್ಲ ಮಸಿ ಬಳಿದ ಹಾಗೆ ಕಪ್ಪು. ಬೇಲಿ, ಬೋರ್ಡು, ಗೋಡೆ, ಎಲ್ಲ. ಬೆಂಕಿ ಬಿದ್ದಿತ್ತಾ ಅಂತ ತಿಂಡಿ ಅಂಗಡಿಯಲ್ಲಿ ಕೇಳಿದೆ. ಪೀಪಾಯಿಯಿಂದ ವರ್ಷವರ್ಷ ಆವಿಯಾಗಿ ಹೋಗುವ ಪಾಲಿಗೆ ಏಂಜಲ್ಸ್ ಶೇರ್ ಅನ್ನುತ್ತಾರಲ್ಲ, ದೇವತೆಗಳ ಪಾಲು, ಆ ಆವಿ ತಿಂದು ಬೆಳೆಯುವ ಬೂಷ್ಟು ಅದು. ವಿಸ್ಕಿ ಪ್ರವಾಸಿಗರಿಗೆ ಅದು ಚಂದದ ಕಥೆ, ಪಕ್ಕದ ಮನೆಯವರಿಗೆ ಪ್ರತಿ ವರ್ಷ ಗೋಡೆ ತೊಳೆಯುವ ಕೆಲಸ. "ನಮ್ಮ ಕಡೆ ಚೌಡಿಗೆ ಒಂದು ಪಾಲು ಬಿಡ್ತಾರಲ್ಲ. ಕೊಡದಿದ್ರೂ ಇಲ್ಲಿನ ಚೌಡಿ ಎತ್ತಿಕೊಳ್ತದೆ" ಅಂತ ಭಾವ.

ಹೀಗೆ ಕೇಳುವಾಗ ಪಕ್ಕದ ಮೇಜಿನ ಮುದುಕರು ಮಾತಿಗೆ ಬಂದರು. ಪೀಪಾಯಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಬಿಟ್ಟವರು. ಎಡಗೈಯ ಒಂದು ಬೆರಳು ಅರ್ಧ ಇರಲಿಲ್ಲ. ಪೀಪಾಯಿಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ, ಹಲಗೆಗಳ ಒತ್ತಡ ಮತ್ತು ಪಟ್ಟಿ ಅಷ್ಟೆ ಅಂತ ಎರಡೂ ಅಂಗೈ ಕೂಡಿಸಿ ತೋರಿಸಿದರು. ಒಳಗೆ ಬೆಂಕಿ ಹಾಕುವುದಕ್ಕೆ ನಂಬರ್ ಇದೆ, ನಾಲ್ಕನೇ ನಂಬರ್ ಅಂದರೆ ಸುಮಾರು 55 ಸೆಕೆಂಡ್, ಮರ ಮೊಸಳೆ ಚರ್ಮದ ಹಾಗೆ ಒಡೆಯುತ್ತದೆ. ಹೊಸ ಪೀಪಾಯಿಯೇ ಆಗಬೇಕು ಅಂತ ಕಾನೂನಿರುವ ಕಾರಣ ಬರ್ಬನ್ನಿಗೆ ಒಂದು ಪೀಪಾಯಿ ಒಂದೇ ಸಲ. ಆಮೇಲೆ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ.

ಬೆಂಗಳೂರಿಗೂ ಬರುತ್ತವೆ ಅಂದೆ. ಅಮೃತ್ ಡಿಸ್ಟಿಲರಿಯವರು ತಮ್ಮ ಸಿಂಗಲ್ ಮಾಲ್ಟನ್ನು ಹಳೆಯ ಬರ್ಬನ್ ಪೀಪಾಯಿಗಳಲ್ಲಿ ಇಡುತ್ತಾರೆ. ಕೆಂಟಕಿಯಲ್ಲಿ ದೇವತೆಗಳು ವರ್ಷಕ್ಕೆ ನೂರಕ್ಕೆ ನಾಲ್ಕು ಭಾಗ ಕುಡಿದರೆ ಬೆಂಗಳೂರಿನ ಶಾಖಕ್ಕೆ ಹತ್ತು ಹನ್ನೆರಡು ಹೋಗುತ್ತದೆ. ಮುದುಕರು ಕಾಫಿ ಕೆಳಗಿಟ್ಟರು. "ನಾನು ಮಾಡಿದ್ದು ಇಂಡಿಯಾಕ್ಕೆ ಹೋಗಿರಬಹುದಾ?" ಅಂತ ಕೇಳಿದರು. ಇರಬಹುದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಸೋರ್ತಾ ಇಲ್ಲ ತಾನೆ?" ಅಂದರು.

ಲೊರೆಟೊಗೆ ಹೋಗುವ ರಸ್ತೆ ಅಂಕುಡೊಂಕು, ಕುಡಿದವರು ಖಂಡಿತ ಓಡಿಸಬಾರದು. ಅಲ್ಲಿ ಮೇಕರ್ಸ್ ಮಾರ್ಕ್ ಡಿಸ್ಟಿಲರಿ, ಕಪ್ಪು ಕಟ್ಟಡ, ಕೆಂಪು ಕಿಟಕಿ ಬಾಗಿಲು. ಇವರು ರೈ ಅನ್ನುವ ಧಾನ್ಯದ ಬದಲು ಗೋಧಿ ಹಾಕುತ್ತಾರೆ, 70 ಶೇಕಡಾ ಗೋವಿನಜೋಳ, 16 ಗೋಧಿ, 14 ಮೊಳಕೆ ಬಾರ್ಲಿ. ರೈ ಹಾಕಿದ್ದರಲ್ಲಿ ಕಾಳುಮೆಣಸಿನ ಚುರುಕು, ಗೋಧಿಯದ್ದು ಮೆತ್ತಗೆ. ಹೊಸಬರು ಶುರು ಮಾಡೋಕೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಕಾಕ್‌ಟೇಲಿಗೆ ಮಾತ್ರ ನನಗೆ ರೈ ಜಾಸ್ತಿ ಇರುವುದೇ ಬೇಕು, ಸಕ್ಕರೆಯ ಎದುರು ಗಟ್ಟಿಯಾಗಿ ನಿಲ್ಲುತ್ತದೆ.

ದೊಡ್ಡ ಮರದ ತೊಟ್ಟಿಗಳಲ್ಲಿ ಮ್ಯಾಶ್ ಗುಳುಗುಳು ಅನ್ನುತ್ತಿತ್ತು, ಬೆರಳು ಅದ್ದಿ ನೋಡಿ ಅಂದರು. ಮೊದಲ ದಿನದ್ದು ಸಿಹಿ ಗಂಜಿ. ಮೂರನೇ ದಿನದ್ದು ಹುಳಿ ಬಂದ ಅಂಬಲಿ. ಭಾವ ಸಿಹಿಯದಕ್ಕೆ ಮಾತ್ರ ಬೆರಳು ಅದ್ದಿದರು, ಇನ್ನೊಂದನ್ನು ಮೂಸಿ ಬಿಟ್ಟರು.

ಬಾಟಲಿ ಕೊಂಡರೆ ಅದರ ಕುತ್ತಿಗೆಯನ್ನು ಕೆಂಪು ಮೇಣದಲ್ಲಿ ನಾವೇ ಅದ್ದಬಹುದು. ಅದ್ದಿ, ತಿರುಗಿಸಿ, ನೇರ ಮಾಡಬೇಕು, ಮೇಣ ತಾನಾಗಿ ಇಳಿಯುತ್ತದೆ. ನಾನು ಉತ್ಸಾಹಕ್ಕೆ ಬಿದ್ದು ಲೇಬಲ್ಲಿನವರೆಗೆ ಮುಳುಗಿಸಿದೆ. ಒಂದು ಹನಿ ನನ್ನ ಹೊಸ ಬೂಟಿನ ಮೇಲೆ. ಅಲ್ಲಿದ್ದ ಹೆಂಗಸು, ಇದು ತೆಗೆಯೋಕೆ ನಿನಗೆ ಸುತ್ತಿಗೆ ಬೇಕು ಅಂದಳು. ಬೂಟಿನ ಕಲೆ ಇನ್ನೂ ಇದೆ.

ಸಂಜೆ ಬಾರ್ಡ್ಸ್‌ಟೌನಿನ ಓಲ್ಡ್ ಟಾಲ್ಬಟ್ ಟ್ಯಾವರ್ನ್, 1779ರದ್ದು ಅನ್ನುವ ಕಲ್ಲಿನ ಕಟ್ಟಡ. ಅಲ್ಲಿ ಮಿಂಟ್ ಜೂಲೆಪ್ ಹೇಳಿದೆ. ಪುದೀನ, ಸಕ್ಕರೆ, ಬರ್ಬನ್, ಮೇಲೆ ಗುಡ್ಡದಷ್ಟು ಪುಡಿ ಐಸ್. ಮೇ ತಿಂಗಳ ಮೊದಲ ಶನಿವಾರ ಕೆಂಟಕಿ ಡರ್ಬಿ ಕುದುರೆ ಓಟದಲ್ಲಿ ಕುಡಿಯುವುದು ಇದನ್ನೇ. ಅಕ್ಟೋಬರಿನ ಚಳಿಗೆ ಹಲ್ಲು ಜುಂ ಅಂತು, ಬಿಸಿಲಿನದ್ದು ಬಿಸಿಲಿಗೇ ಸರಿ. ಆದರೆ ಆ ಹೆಸರು ನೋಡಿ, ಜೂಲೆಪ್ ಅಂದರೆ ಫಾರಸಿಯ ಗುಲಾಬ್, ಅರಬ್ಬಿಯ ಬಾಯಲ್ಲಿ ಜುಲಾಬ್ ಆಗಿ ಯುರೋಪು ದಾಟಿ ಇಲ್ಲಿಗೆ ಬಂದದ್ದು. ನಮ್ಮ ಜಾಮೂನಿನ ಹಿಂದೆ ನಿಂತಿರುವ ಅದೇ ಗುಲಾಬ್. ಭಾವ ಶುಂಠಿ ರುಚಿಯ ಏಲ್-ಏಟ್ ಸೋಡಾ ಕುಡಿಯುತ್ತ ಕೂತಿದ್ದರು, 1926ರಿಂದ ಕೆಂಟಕಿಯವರದ್ದೇ. ನಾನು ಕದ್ದು ಅದರ ಎರಡು ಗುಟುಕನ್ನು ಬರ್ಬನ್ನಿಗೆ ಹಾಕಿ, ನಿಂಬೆ ಹಿಂಡಿದೆ. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಕಾಕ್‌ಟೇಲ್ ಅದೇ, ಖರ್ಚು ಎಲ್ಲಕ್ಕಿಂತ ಕಡಿಮೆ.

ನಾಲ್ಕನೇ ದಿನ: ವಾಪಸು

ನಾಲ್ಕು ಗಂಟೆ ದಾರಿ, ಉಳಿದ ಆರು ಚಪಾತಿ, ಸಿನ್ಸಿನಾಟಿಯಲ್ಲಿ ಟ್ರಾಫಿಕ್. ಬಾಟಲಿಗಳನ್ನು ಅಂಗಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟೆ. ಭಾರತಕ್ಕೆ ಸುಂಕ ಇಲ್ಲದೆ ಎರಡು ಲೀಟರ್ ಮಾತ್ರ ತರಬಹುದು. 70 ಶೇಕಡಾ ಆಲ್ಕೋಹಾಲ್ ದಾಟಿದ್ದನ್ನು ವಿಮಾನಕ್ಕೆ ಹತ್ತಿಸಲ್ಲ, ಪೀಪಾಯಿಯಿಂದ ನೇರ ತುಂಬಿದ ಬಾಟಲಿ ಕೊಳ್ಳುವಾಗ ಲೇಬಲ್ ನೋಡಿಕೊಳ್ಳಿ.

ಆ ರಾತ್ರಿ ಅಕ್ಕನ ಮನೆಯಲ್ಲಿ ಬಾಟಲಿಯ ಮೇಣ ಒಡೆದೆ, ನಿಜವಾಗಿಯೂ ಚಾಕುವಿನ ಹಿಡಿಯಿಂದ ಕುಟ್ಟಿ. ಸ್ವಲ್ಪ ಕುಡಿದು ಗ್ಲಾಸು ತೊಳೆಯದೆ ಸಿಂಕಿನ ಪಕ್ಕ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ಬಂದರೆ ಭಾವ ಒಂದು ಕೈಯಲ್ಲಿ ಖಾಲಿ ಗ್ಲಾಸು, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದಾರೆ. ಆಲ್ಕೋಹಾಲ್ ಹಾರಿಹೋಗಿ ತಳದಲ್ಲಿ ಮರದ್ದು ಮಾತ್ರ ಉಳಿದಿತ್ತು. ನನ್ನ ಮೂಗಿಗೂ ಆ ದಿನ ಸರಿಯಾಗಿ ಸಿಕ್ಕಿತು, ಹಳೆ ಪೆಟ್ಟಿಗೆ, ಬೆಲ್ಲ, ವೆನಿಲಾ.

ಫೋನಿನಲ್ಲಿ ಶಿರಸಿಯ ಅಪ್ಪಯ್ಯ. "ಹೌದು ಅಪ್ಪಯ್ಯ, ಬರೀ ಮರ ಸುಟ್ಟು ವೆನಿಲಾ ವಾಸನೆ ತರಿಸ್ತಾರೆ, ಬಳ್ಳಿಯೂ ಇಲ್ಲ ಹೂವೂ ಇಲ್ಲ" ಅನ್ನುತ್ತಿದ್ದರು ಭಾವ. ಆ ಕಡೆಯಿಂದ ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಅಪ್ಪಯ್ಯನ ದನಿ ಕೇಳಿಸಿತು.

"ಕಿಲೋಗೆ ಎಷ್ಟಂತೆ?"